ದೇವರ ಜಗಳಕ್ಕೆ ಕೂತಾಗ ನಾನು ಮೊದಲು ಹೇಳುವುದು ಎದುರಿನವರ ಮಾತನ್ನೇ

ನಮ್ಮ ಮನೆಯಲ್ಲಿ ದೇವರ ವಿಷಯಕ್ಕೆ ಜಗಳ ಎದ್ದರೆ ಹಿರಿಯರದ್ದು ಒಂದೇ ಮಾತು: “ದೇವರು ಒಬ್ಬನೇ, ಹೆಸರು ಹಲವು. ಸುಮ್ನೆ ಊಟ ಮಾಡಿ.” ಇದರಿಂದ ಬಾಯಿ ಮುಚ್ಚಿದ್ದನ್ನು ನೋಡಿದ್ದೇನೆ. ಜಗಳ ಮುಗಿದದ್ದನ್ನು ನೋಡಿಲ್ಲ.

ನನಗೆ ಕೆಲಸಕ್ಕೆ ಬಂದದ್ದು ನಮ್ಮ ಉಡುಪಿಯ ಮಧ್ವಾಚಾರ್ಯರ ದಾರಿ. 13ನೇ ಶತಮಾನದಲ್ಲಿ ಇಲ್ಲೇ ಹತ್ತಿರದ ಪಾಜಕದಲ್ಲಿ ಹುಟ್ಟಿದವರು. ಎಲ್ಲಾ ಒಂದೇ ಎನ್ನುವುದನ್ನು ಅವರು ಒಪ್ಪಲಿಲ್ಲ. ಅವರು ಹೇಳಿದ ಐದು ಭೇದಗಳಲ್ಲಿ ಒಂದು, ಜೀವ ಜೀವಕ್ಕೂ ಇರುವ ಭೇದ. ಅದು ತೋರಿಕೆಯಲ್ಲ, ನಿಜ. ಅಂದಮೇಲೆ ನನ್ನ ತಮ್ಮ ನನ್ನ ಹಾಗೆ ಯೋಚಿಸಬೇಕು ಅಂತ ಯಾಕೆ ಹಟ? ಜೀವಗಳಲ್ಲಿ ಮೇಲು ಕೆಳಗು ಇದೆ ಎನ್ನುವ ತಾರತಮ್ಯ ಮಾತ್ರ ನನ್ನ ಗಂಟಲಲ್ಲಿ ಇವತ್ತಿಗೂ ಇಳಿದಿಲ್ಲ. ತಾರತಮ್ಯ ಬಿಟ್ಟು ಭೇದವನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಮಠದವರು ಒಪ್ಪಲಿಕ್ಕಿಲ್ಲ.

ಇನ್ನೊಂದು, ವಾದದ ಕ್ರಮ. ಶಾಸ್ತ್ರದಲ್ಲಿ ಮೊದಲು ಎದುರಾಳಿಯ ಮಾತನ್ನು ಪೂರ್ತಿ ಇಡಬೇಕು. ಅದು ಪೂರ್ವಪಕ್ಷ. ಆಮೇಲೆ ನಮ್ಮ ಸಿದ್ಧಾಂತ. ಮಧ್ವರ ದ್ವೈತ ಮತದ ವ್ಯಾಸತೀರ್ಥರು ಬರೆದ ‘ನ್ಯಾಯಾಮೃತ’ಕ್ಕೆ, ಎಲ್ಲಾ ಒಂದೇ ಎನ್ನುವ ಅದ್ವೈತದ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಉತ್ತರ ಕೊಟ್ಟರು. ಎದುರಿನವರ ಮಾತನ್ನು ಅಷ್ಟು ಓದದೆ ಅಂಥ ಉತ್ತರ ಬರುತ್ತದಾ?

ನಾಗರಪಂಚಮಿಗೆ ನಾಗನ ಕಲ್ಲಿರುವ ಬನಕ್ಕೆ, ತನು ಎರೆಯಲು ಅಂದರೆ ಹಾಲು ಸೀಯಾಳ ಎರೆಯಲು, ಬರುವುದಿಲ್ಲ ಎಂದು ತಮ್ಮ ಹಟ ಹಿಡಿದಾಗ ಇದನ್ನೇ ಮಾಡಿದೆ. ಚಾ ಕೊಟ್ಟು ಹೇಳಿದೆ, “ನೀನು ಹೇಳುವುದು ಇಷ್ಟಲ್ವಾ? ಕಲ್ಲಿಗೆ ತನು ಎರೆದರೆ ದೋಷ ಹೋಗುವುದಿಲ್ಲ, ಹಾಲು ದಂಡ.”

“ಅರ್ಧ ಸರಿ ಅಕ್ಕ,” ಎಂದ. “ಇನ್ನರ್ಧ ಯಾರೂ ಕೇಳಲಿಲ್ಲ. ಬನದ ಮರ ಕಡಿದು, ಸುತ್ತ ಕಾಂಕ್ರೀಟ್ ಹಾಕಿ, ಟೈಲ್ಸ್ ಕೂರಿಸಿದಿರಿ. ಹಾವು ಎಲ್ಲಿರಬೇಕು? ಅದಕ್ಕೆ ನನ್ನ ಹತ್ತಿರ ವಂತಿಗೆ ಬೇರೆ.”

ನಾನು ಅದನ್ನು ನನ್ನ ಮಾತಲ್ಲಿ ತಿರುಗಿ ಹೇಳಿದೆ. ಅವನು ಹೌದು ಅನ್ನುವ ತನಕ ಹೇಳಿದೆ. ಆಮೇಲೆ ನನ್ನದು: “ನಾಗ ಇದ್ದಾನೆ ಅಂತ ನಾನು ನಂಬುತ್ತೇನೆ. ಅದನ್ನು ಬಿಡುವುದಿಲ್ಲ. ಮರದ ವಿಷಯದಲ್ಲಿ ನಿನ್ನ ಕಡೆ.” ಈಗ ಅವನು ಪಂಚಮಿಗೆ ಬರುತ್ತಾನೆ. ಬನದ ಹೊರಗೆ ಕೂತು ಸೀಯಾಳ ಕೆತ್ತಿ ಕೊಡುತ್ತಾನೆ. ತನು ಎರೆಯುವುದಿಲ್ಲ, ಕೈ ಮುಗಿಯುವುದೂ ಇಲ್ಲ. ದೊಡ್ಡಮ್ಮನಿಗೆ ಇನ್ನೂ ಸಿಟ್ಟು.

ಪಕ್ಕದ ಮನೆ ಬಾಯಮ್ಮನ ಹತ್ತಿರವೂ ಹೀಗೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅವರು ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಹೊಸ ತೆನೆ ತರುತ್ತಾರೆ. ನಾವೂ ಮನೆಗೆ ತೆನೆ ಕಟ್ಟುತ್ತೇವೆ. ಎರಡೂ ಒಂದೇ ಅಂದುಬಿಡುವುದು ಸುಲಭ. ಆದರೆ ಅವರಿಗೆ ಅದು ಮೇರಿ ಮಾತೆ ಹುಟ್ಟಿದ ದಿನ. ಅದನ್ನು ಅವರ ಬಾಯಲ್ಲೇ ಕೇಳಿದರೆ ಮಾತುಕತೆ ಚೆನ್ನಾಗಿ ಮುಂದುವರಿಯುತ್ತದೆ.

ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಈ ಕ್ರಮ ನಡೆಯುವುದಿಲ್ಲ. ಅಲ್ಲಿ ಪೂರ್ವಪಕ್ಷ ಬರೆದರೆ ಅದೇ ನಮ್ಮ ಅಭಿಪ್ರಾಯ ಅಂದುಕೊಂಡು ಬೈಯುತ್ತಾರೆ. “ಮನೆಗೆ ಬನ್ನಿ, ಮಾತಾಡುವ” ಎಂದು ಹಾಕಿ ಬಿಡುತ್ತೇನೆ. ಬರುವವರು ಕಡಿಮೆ.