ಒದ್ದೆ ಕೌದಿಯನ್ನು ಜಗ್ಗಬೇಡಿ

ಅಡಿಕೆ ಒಣಗಿಸುವ ಅಟ್ಟ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮೊದಲು, ನಮ್ಮ ಮನೆಯಲ್ಲಿ ಕೌದಿ ತೊಳೆಯುವ ಕೆಲಸ ಮುಗಿಯಲೇಬೇಕು. ಶಿರಸಿಯ ಜೂನ್ ತಿಂಗಳಲ್ಲಿ ತೊಳೆದರೆ ಒಣಗುವುದು ಮೇಲ್ಪದರ ಮಾತ್ರ. ಒಳಗೆ ಹಸಿ ಉಳಿದು ಮುಗ್ಗಲು ವಾಸನೆ ಶುರು.

ಹೊಲಿಯುವುದನ್ನು ನಾನು ಅತ್ತೆಯಿಂದ ಕಲಿತೆ, ತೊಳೆಯುವುದನ್ನು ಕೆಡಿಸಿಕೊಂಡು ಕಲಿತೆ. ಮಗಳ ಬಾಣಂತನಕ್ಕೆ ಹೊಲಿದ ಪುಟ್ಟ ಕೌದಿಯನ್ನು ಹಂಡೆಯ ಬಿಸಿನೀರಿಗೆ ಹಾಕಿದ್ದೆ. ಕೆಂಪು ಸೀರೆಯ ಅಂಚು ಬಣ್ಣ ಬಿಟ್ಟು ಬಿಳಿ ತುಂಡೆಲ್ಲ ಗುಲಾಬಿ! ಈಗ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಕೆಂಪು, ಕಡುನೀಲಿ ತುಂಡುಗಳ ಮೇಲೆ ಒತ್ತಿ ನೋಡುತ್ತೇನೆ. ಬಣ್ಣ ಹತ್ತಿದರೆ ಆ ಕೌದಿಯನ್ನು ನೆನೆಹಾಕುವುದಿಲ್ಲ, ತಣ್ಣೀರಲ್ಲಿ ಬೇಗ ಮುಗಿಸುತ್ತೇನೆ. ತೊಳೆಯುವಾಗಲೇ ಬಣ್ಣ ಬಿಟ್ಟರೆ ಒಣಗಲು ಬಿಡಬೇಡಿ, ನೀರು ತಿಳಿಯಾಗುವವರೆಗೆ ಜಾಲಾಡಿಸುತ್ತಲೇ ಇರಿ.

ಬಿಚ್ಚಿದ ಹೊಲಿಗೆ ಇದ್ದರೆ ಮೊದಲು ಹೊಲಿದುಬಿಡಿ. ಆಮೇಲೆ ದೊಡ್ಡ ಟಬ್ಬಿನ ತಳಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕೌದಿ ಇಟ್ಟು ತಣ್ಣೀರು ಬಿಡಿ. ಅಂಟುವಾಳವನ್ನು ಹಿಂದಿನ ರಾತ್ರಿಯೇ ನೆನೆಸಿ, ಕಿವುಚಿ, ಸೋಸಿಕೊಂಡರೆ ಸಾಕು. ಬಿಳಿ ಜಾಸ್ತಿ ಇದ್ದರೆ ಮಾತ್ರ ಅದು ಬೇಡ, ಕಂದು ಛಾಯೆ ಕೂರಬಹುದು. ಅದರ ಬದಲು ಸ್ವಲ್ಪ ಸೋಪಿನ ಪುಡಿ ಕರಗಿಸಿಕೊಳ್ಳಿ. ಅಂಗೈಯಲ್ಲಿ ಒತ್ತಿ ಒತ್ತಿ ಬಿಡಿ. ಬ್ರಷ್ ಬೇಡ, ಕಲ್ಲಿಗೆ ಬಡಿಯುವುದಂತೂ ಬೇಡವೇ ಬೇಡ.

ಆ ಬೆಡ್‌ಶೀಟ್ ಯಾಕೆ ಅಂತೀರಾ? ಕೌದಿ ಹಾಳಾಗುವುದು ಕೊಳೆಯಿಂದಲ್ಲ, ನೀರಿನ ಭಾರದಿಂದ. ಹೀರಿಕೊಂಡ ನೀರಷ್ಟೂ ಸಣ್ಣ ಸಣ್ಣ ಹೊಲಿಗೆಗಳ ಮೇಲೆ ಬೀಳುತ್ತದೆ. ಒಂದು ಮೂಲೆ ಹಿಡಿದು ಎತ್ತಿದರೆ ದಾರ ಪಟಪಟ ಕಿತ್ತುಬರುತ್ತದೆ. ಬೆಡ್‌ಶೀಟಿನ ನಾಲ್ಕು ಮೂಲೆಯನ್ನು ಇಬ್ಬರು ಹಿಡಿದೆತ್ತಿದರೆ ಭಾರವನ್ನು ಅದು ಹೊರುತ್ತದೆ. ಹಿಂಡದೆ, ಇಳಿಜಾರಿನ ಕಲ್ಲಿನ ಮೇಲೆ ನೀರು ಬಸಿಯಲು ಬಿಡಿ. ಹಗ್ಗಕ್ಕೆ ಜೋತುಹಾಕಬೇಡಿ. ನಾನು ಅಟ್ಟದ ಮೇಲೆ ಹರಡುತ್ತೇನೆ, ಕೆಳಗಿಂದಲೂ ಗಾಳಿಯಾಡುತ್ತದೆ. ಅಡಿಗೆ ಬೇರೆ ಬಟ್ಟೆ ಹಾಸುವುದನ್ನು ಮರೆಯಬೇಡಿ, ಅಡಿಕೆಯ ಚೊಗರು ಹತ್ತಿದರೆ ಹೋಗುವುದಿಲ್ಲ.

ಇಸ್ತ್ರಿ? ಹೊದೆಯುವ ಕೌದಿಗೆ ಬೇಡ. ಸುಕ್ಕು ಇದ್ದರೇನೇ ಅದು ಕೌದಿ, ಅಲ್ವಾ? ಕೌದಿ ಹೊಲಿಗೆಯ ದಿಂಬಿನ ಕವರಿಗೆ, ಮೇಜಿನ ಮೇಲೆ ಹಾಸುವ ಬಟ್ಟೆಗೆ ಮಾತ್ರ ಮಾಡುತ್ತೇನೆ. ಹಳೇ ಸೀರೆಯ ತುಂಡುಗಳಲ್ಲಿ ಯಾವುದು ಹತ್ತಿ, ಯಾವುದು ನೈಲಾನ್ ಅಂತ ನೋಡಿ ಹೇಳುವುದು ಕಷ್ಟ. ಒಂದೆಳೆ ದಾರ ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಮೂರು ಅಂದರೆ 200. ಬರೀ ಹತ್ತಿಯಾದರೆ ಮೂರು ಚುಕ್ಕೆಗೂ ತಡೆಯುತ್ತದೆ. ಒಂದೇ ಒಂದು ನೈಲಾನ್ ತುಂಡಿದ್ದರೂ ಒಂದೇ ಚುಕ್ಕೆ.

ಕೆಳಗೆ ದಪ್ಪ ಟವೆಲ್ ಹಾಸಿ, ಕೌದಿಯನ್ನು ಮಗುಚಿ ಹಾಕಿ, ಹಿಂಬದಿಯಿಂದ ಒತ್ತಿ. ಹೊಲಿಗೆ ಟವೆಲ್ಲಿನೊಳಗೆ ಹುದುಗಿ ಉಬ್ಬಾಗಿಯೇ ಉಳಿಯುತ್ತದೆ. ಎಳೆಯಬೇಡಿ, ಇಡಿ, ಎತ್ತಿ, ಪಕ್ಕಕ್ಕೆ ಇಡಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕೌದಿಯಾದರೆ ಮೂಲೆಗಳಲ್ಲಿ ಜಾಗ್ರತೆ. ಅವರು ಅಂಚಿನಿಂದ ಸುತ್ತುತ್ತಾ ನಡುವಿಗೆ ಹೊಲಿದು ಬರುತ್ತಾರೆ, ಮೂಲೆಗೆ ಮಡಚಿದ ತ್ರಿಕೋನದ ‘ಫೂಲ್’ (ಹೂವು) ಕೂರಿಸುತ್ತಾರೆ. ಇಸ್ತ್ರಿಯ ಮೂತಿ ಆ ಮಡಿಕೆಗೆ ಸಿಕ್ಕಿತೋ, ಕಿತ್ತಂತೆಯೇ. ಅಲ್ಲಿ ಕೈಯಿಂದ ಸವರಿದರೆ ಸಾಕು.

ಇಸ್ತ್ರಿಯಾದದ್ದನ್ನು ಕೂಡಲೇ ಮಡಚಬೇಡಿ, ಒಳಗೆ ಹಬೆ ಇರುತ್ತದೆ. ಒಂದು ರಾತ್ರಿ ಮಂಚದ ಮೇಲೆ ಹರಡಿಡಿ. ಬಾಗಿಲು ಹಾಕಿಕೊಳ್ಳಿ, ಇಲ್ಲದಿದ್ದರೆ ಬೆಚ್ಚಗಿದೆ ಅಂತ ಬೆಕ್ಕು ಬಂದು ಮಲಗುತ್ತದೆ.