ಮೋಟರ್‌ಹೋಮ್ ಇಟ್ಟುಕೊಳ್ಳುವವರಿಗೆ: ಮೊದಲು ತೂಕ, ಆಮೇಲೆ ನೀರು

ಮೋಟರ್‌ಹೋಮ್ ಅಂದರೆ ಎಂಜಿನ್ನೂ ಮನೆಯೂ ಒಂದೇ ಚಾಸಿಯ ಮೇಲಿರುವ ಗಾಡಿ. ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್ ಬೇರೆ. ಮೋಟರ್‌ಹೋಮ್ ಕೊಂಡವರು ಲಾರಿಯಷ್ಟು ಲಕ್ಷ್ಯ ಬೇಡುವ ಒಂದು ವಾಹನವನ್ನೂ ಮನೆಯಷ್ಟು ಆರೈಕೆ ಬೇಡುವ ಒಂದು ಪೆಟ್ಟಿಗೆಯನ್ನೂ ಒಟ್ಟಿಗೇ ಕೊಂಡಿರುತ್ತಾರೆ. ಎಂಜಿನ್ ಕೈಕೊಟ್ಟರೆ ಮೆಕ್ಯಾನಿಕ್ ಸಿಗುತ್ತಾರೆ. ಗೋಡೆಯೊಳಗೆ ಸದ್ದಿಲ್ಲದೆ ಇಳಿಯುವ ನೀರು ಮತ್ತು ಗೊತ್ತಿಲ್ಲದೆ ಏರುವ ತೂಕ, ಇವೆರಡನ್ನು ಮಾತ್ರ ಮಾಲೀಕರೇ ಕಣ್ಣಿಟ್ಟು ಕಾಯಬೇಕು. ಆದ್ದರಿಂದ ಈ ಲೇಖನದಲ್ಲಿ ಅವಕ್ಕೇ ಹೆಚ್ಚು ಜಾಗ.

ಕೊಳ್ಳುವ ಮೊದಲು

ಒಂದು ವಾರದ ಮಟ್ಟಿಗೆ ಬಾಡಿಗೆಗೆ ತೆಗೆದುಕೊಳ್ಳಿ. ಸುಮ್ಮನೆ ಸುತ್ತಾಡಿ ಬಂದರೆ ಸಾಲದು. ಒಳಗೇ ಅಡುಗೆ ಮಾಡಿ, ಸ್ನಾನ ಮಾಡಿ, ಮನೆಯವರೆಲ್ಲ ಅಲ್ಲೇ ಮಲಗಿ. ರಾತ್ರಿ ಊಟದ ಮೇಜನ್ನು ಬಿಚ್ಚಿ ಹಾಸಿಗೆ ಮಾಡಿ, ಬೆಳಿಗ್ಗೆ ಮತ್ತೆ ಮೇಜು ಜೋಡಿಸುವ ವಿನ್ಯಾಸ ಮೊದಲ ದಿನ ಚೆಂದ ಕಾಣುತ್ತದೆ, ಐದನೆಯ ದಿನಕ್ಕೆ ಸಾಕಾಗುತ್ತದೆ. ಇದು ಷೋರೂಮಿನಲ್ಲಿ ನಿಂತು ನೋಡಿದರೆ ತಿಳಿಯುವ ವಿಷಯವಲ್ಲ.

ಹಳೆಯ ಗಾಡಿ ನೋಡಲು ಹೋದರೆ ಮೊದಲು ಮೂಗಿಗೆ ಕೆಲಸ ಕೊಡಿ. ಬರುವ ತನಕ ಕಿಟಕಿ ಬಾಗಿಲು ತೆರೆಯದಿರಲು ಮಾರುವವರಿಗೆ ಮುಂಚೆಯೇ ಹೇಳಿ. ಬಾಗಿಲು ತೆರೆದ ಕ್ಷಣ ಮುಗ್ಗಲು ವಾಸನೆ ಬಂದರೆ ಎಲ್ಲೋ ನೀರು ಕೂತಿದೆ. ಸುಗಂಧ ಸಿಂಪಡಿಸಿದ ವಾಸನೆ ಬಂದರೂ ಅನುಮಾನ ಇರಲಿ. ಆಮೇಲೆ ಕಪಾಟುಗಳ ಒಳಮೂಲೆ, ಚಾವಣಿಯ ಕಿಂಡಿಗಳ ಸುತ್ತ, ಕಿಟಕಿಯ ಕೆಳಗಿನ ಅಂಚು, ಹಿಂದಿನ ದೀಪಗಳ ಒಳಭಾಗ, ಹಾಸಿಗೆಯ ಅಡಿ, ಇಷ್ಟನ್ನೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಗಟ್ಟಿ ಇರಬೇಕಾದ ಹಲಗೆ ಮೆತ್ತಗೆ ಒಳಕ್ಕೆ ಹೋದರೆ ಹಿಂದಿನ ಮರ ಲಡ್ಡು ಹಿಡಿದಿದೆ ಎಂದರ್ಥ. ಸಾಧ್ಯವಾದರೆ ತೇವ ಅಳೆಯುವ ಮೀಟರ್ ತನ್ನಿ. ಸಾಮಾನ್ಯವಾಗಿ ಶೇ 15ರ ಒಳಗಿದ್ದರೆ ನಿಶ್ಚಿಂತೆ, 20 ದಾಟಿದರೆ ಕಾರಣ ಹುಡುಕಬೇಕು, 30 ದಾಟಿದ್ದರೆ ನನ್ನ ಸಲಹೆ ಒಂದೇ: ಬೇರೆ ಗಾಡಿ ನೋಡಿ. ಗೋಡೆ ಬಿಚ್ಚಿ ಮರದ ಚೌಕಟ್ಟು ಬದಲಿಸುವ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಬಿಚ್ಚುವ ಮುನ್ನ ಯಾರೂ ಹೇಳಲಾರರು.

ತೂಕದ ಲೆಕ್ಕ ಹಾಕಿ

ಪ್ರತಿ ಗಾಡಿಯಲ್ಲೂ ತಯಾರಕರು ಅಂಟಿಸಿದ ಒಂದು ಫಲಕ ಇರುತ್ತದೆ. ಎಲ್ಲ ತುಂಬಿಕೊಂಡ ಮೇಲೆ ಗಾಡಿ ಗರಿಷ್ಠ ಎಷ್ಟು ತೂಗಬಹುದು, ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳು (ಗಾಲಿಜೋಡಿಯ ಅಚ್ಚುಗಳು) ಎಷ್ಟೆಷ್ಟು ಹೊರಬಹುದು ಎಂಬುದು ಅದರಲ್ಲಿದೆ. ಅದರಿಂದ ಖಾಲಿ ತೂಕ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ.

ಒಂದು ಉದಾಹರಣೆ. ಮಿತಿ 3500 ಕೆ.ಜಿ., ಚಾಲಕರೂ ಸೇರಿ ಖಾಲಿ ತೂಕ 3050 ಎಂದುಕೊಳ್ಳಿ. ಉಳಿದದ್ದು 450. ಇನ್ನೂ ಮೂವರು ಹತ್ತಿದರೆ ಸುಮಾರು 200. ನೀರು ಲೀಟರಿಗೆ ಒಂದು ಕೆ.ಜಿ., ಹಾಗಾಗಿ 100 ಲೀಟರ್ ಟ್ಯಾಂಕ್ ತುಂಬಿದರೆ 100. ಎರಡು ಉಕ್ಕಿನ ಗ್ಯಾಸ್ ಸಿಲಿಂಡರ್ 50, ಹೊರಗೆ ಬಿಚ್ಚುವ ನೆರಳಿನ ಚಪ್ಪರ 30, ಎರಡು ಸೈಕಲ್ಲು ಮತ್ತು ಅವುಗಳ ಸ್ಟ್ಯಾಂಡು 45. ಅಲ್ಲಿಗೆ 425 ಆಯಿತು. ಬಟ್ಟೆ, ಪಾತ್ರೆ, ಹಾಸಿಗೆ, ದಿನಸಿ ಎಲ್ಲಕ್ಕೂ ಸೇರಿ ಇನ್ನು 25 ಕೆ.ಜಿ. ಮಾತ್ರ. ಕಪಾಟುಗಳಲ್ಲಿ ಜಾಗ ಇದೆ ಎಂದು ತುಂಬುತ್ತಾ ಹೋದವರು ಮಿತಿ ಮೀರುವುದು ಹೀಗೆ.

ಭಾರ ಎಲ್ಲಿ ಕೂತಿದೆ ಎನ್ನುವುದೂ ಅಷ್ಟೇ ಮುಖ್ಯ. ಹಿಂದಿನ ಗಾಲಿಯಿಂದ ಆಚೆಗೆ ಚಾಚಿದ ಭಾಗ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 4 ಮೀಟರ್ ಇದ್ದು, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ 60 ಕೆ.ಜಿ. ನೇತುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 90 ಕೆ.ಜಿ. ಮುಂದಿನ ಆಕ್ಸಲ್‌ನಿಂದ 30 ಕೆ.ಜಿ. ಮೇಲೆದ್ದುಬಿಡುತ್ತದೆ. ಮುಂಭಾಗ ಹಗುರಾದಷ್ಟೂ ಸ್ಟೀರಿಂಗ್ ಹಿಡಿತ ಕಡಿಮೆ. ಆದ್ದರಿಂದ ಭಾರದ ಸಾಮಾನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ. ಮೇಲಿನ ಕಪಾಟಿಗೆ ಬಟ್ಟೆ, ಬ್ರೆಡ್ಡಿನಂಥ ಹಗುರ ವಸ್ತು.

ಪ್ರವಾಸಕ್ಕೆ ಹೊರಡುವಷ್ಟೇ ತುಂಬಿಕೊಂಡು, ಎಲ್ಲರೂ ಒಳಗೆ ಕೂತು ಒಮ್ಮೆ ಲಾರಿ ತೂಗುವ ವೇಬ್ರಿಜ್‌ಗೆ ಹೋಗಿ. ಒಟ್ಟು ತೂಕ ಒಂದು ಸಲ, ಒಂದೊಂದು ಆಕ್ಸಲ್‌ನದು ಬೇರೆ ಬೇರೆ. ಬಂದ ಅಂಕಿ ಬರೆದಿಡಿ. ಟೈರಿಗೆ ಎಷ್ಟು ಗಾಳಿ ಬೇಕೆಂದು ಟೈರು ಕಂಪನಿಯ ಪಟ್ಟಿಯಲ್ಲಿ ನೋಡಲು ಈ ಅಂಕಿಯೇ ಆಧಾರ. ತಲುಪುವ ಜಾಗದಲ್ಲಿ ಒಳ್ಳೆಯ ನೀರು ಸಿಗುವುದು ಖಚಿತವಿದ್ದರೆ ದಾರಿಗೆ 20–30 ಲೀಟರ್ ಸಾಕು.

ಟೈರಿನ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಹಾಗಾಗಿ ಅದರ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ, ಡಿಒಟಿ (DOT) ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಿ. ಹಲ್ಲು ಎಷ್ಟೇ ಆಳವಾಗಿದ್ದರೂ ಹತ್ತು ವರ್ಷ ದಾಟಿದ ಟೈರಿನ ಮೇಲೆ ಮನೆಯವರನ್ನು ಕೂರಿಸಬೇಡಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಮಳೆ ನೀರನ್ನು ಹೊರಗಿಡಿ

ಗಾಡಿ ಓಡುವಾಗಲೆಲ್ಲ ಇಡೀ ಪೆಟ್ಟಿಗೆ ನುಲಿಯುತ್ತದೆ, ಅದುರುತ್ತದೆ. ಹಲಗೆ ಕೂಡಿದ ಕಡೆಗಳಲ್ಲಿ ತುಂಬಿದ ಸೀಲಂಟ್ ಬಿಸಿಲಿಗೆ ಒಣಗಿ ಗಡುಸಾದಾಗ ಈ ನುಲಿತಕ್ಕೆ ಬಾಗಲಾರದೆ ಸೀಳುತ್ತದೆ. ಕೂದಲೆಳೆಯಷ್ಟು ಸೀಳು ಸಾಕು. ನೀರು ಒಳಸೇರಿ, ಶಾಖ ತಡೆಯುವ ಪದರ ಮತ್ತು ಮರದ ನಡುವೆ ನಿಂತು, ಹೊರಬರಲು ದಾರಿಯಿಲ್ಲದೆ ಕೊಳೆಸುತ್ತದೆ. ಒಳಗೋಡೆಯಲ್ಲಿ ಕಂದು ಕಲೆ ಕಾಣುವ ಹೊತ್ತಿಗೆ ಅದು ತಿಂಗಳುಗಟ್ಟಲೆ ಹಳೆಯದಾಗಿರುತ್ತದೆ.

ಆರು ತಿಂಗಳಿಗೊಮ್ಮೆ ಏಣಿ ಹಾಕಿ ಮೇಲ್ಭಾಗ ನೋಡಿ. ತೊಳೆದು ಒಣಗಿಸಿದ ಮೇಲೆ ನೋಡಬೇಕು, ಧೂಳಿನಡಿ ಬಿರುಕು ಕಾಣದು. ಚಾವಣಿಯ ಅಂಚು, ಕಿಂಡಿಗಳು, ಸೋಲಾರ್ ಪ್ಯಾನೆಲ್‌ನ ತಂತಿ ಒಳಹೋಗುವ ಜಾಗ, ಆಂಟೆನಾದ ಬುಡ, ಕಿಟಕಿಯ ರಬ್ಬರ್ ಇವು ಶಂಕಿತ ಜಾಗಗಳು. ಬಿರುಕಿನ ಮೇಲೆ ಹೊಸ ಸೀಲಂಟ್ ಬಳಿದು ಕೈತೊಳೆದುಕೊಳ್ಳಬೇಡಿ. ಹಳೆಯದನ್ನು ಪೂರ್ತಿ ಕೆರೆದು ತೆಗೆದ ಮೇಲೆ ಹೊಸದು ಹಾಕಿ. ಬಚ್ಚಲಿಗೆ ಬಳಸುವ ಸಿಲಿಕೋನ್ ಇಲ್ಲಿ ಬೇಡ. ಅದು ಬಿಟ್ಟುಹೋದ ಜಾಗದ ಮೇಲೆ ಆಮೇಲೆ ಮತ್ತೇನೂ ಸರಿಯಾಗಿ ಅಂಟುವುದಿಲ್ಲ. ಕಿಟಕಿ, ಕಿಂಡಿಗಳ ಚೌಕಟ್ಟಿನಡಿಗೆ ಬ್ಯೂಟೈಲ್ ಟೇಪ್ (ಮೆತ್ತನೆಯ, ಅಂಟುವ ರಬ್ಬರಿನ ಪಟ್ಟಿ), ಅಂಚುಗಳಿಗೆ ವಾಹನದ ಹೊರಮೈಗೆಂದೇ ಬರುವ, ಒಣಗಿದರೂ ಬಾಗುವ ಸೀಲಂಟ್ ಸರಿ. ಗಾಡಿಯನ್ನು ಬಹಳ ದಿನ ನಿಲ್ಲಿಸುವಾಗ ಒಂದು ಕಡೆಗೆ ತುಸು ವಾಲಿಸಿ ನಿಲ್ಲಿಸಿದರೆ ಮೇಲೆ ನೀರು ಕಟ್ಟಿ ನಿಲ್ಲುವುದಿಲ್ಲ.

ತೇವ ಒಳಗಿನಿಂದಲೂ ಬರುತ್ತದೆ. ನಾಲ್ವರ ಉಸಿರು, ಒಲೆಯ ಹಬೆ, ಒದ್ದೆ ಟವೆಲ್ಲು ಎಲ್ಲ ಸೇರಿ ತಣ್ಣನೆಯ ಗಾಜಿನ ಮೇಲೆ ಬೆವರುತ್ತವೆ, ಹಾಸಿಗೆಯಡಿ ಬೂಷ್ಟು ಹಿಡಿಯುತ್ತದೆ. ಅಡುಗೆ ಮಾಡುವಾಗ ಮೇಲಿನ ಕಿಂಡಿ ತೆರೆಯಿರಿ, ಮಲಗುವಾಗಲೂ ಬೆರಳಗಲ ತೆರೆದಿಡಿ.

ಕರೆಂಟು ಎಷ್ಟು ಬೇಕು?

ಗಾಡಿಯಲ್ಲಿ ಎಂಜಿನ್ನಿಗೊಂದು, ಮನೆಗೊಂದು ಬ್ಯಾಟರಿ ಇರುತ್ತದೆ. ಮನೆಯ ಬ್ಯಾಟರಿ 12 ವೋಲ್ಟ್‌ನದು. 100 ಆಂಪಿಯರ್-ಅವರ್ ಎಂದಿದ್ದರೆ 12ರಿಂದ ಗುಣಿಸಿ, 1200 ವ್ಯಾಟ್-ಅವರ್. ಸೀಸ-ಆಮ್ಲದ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ನಿಮ್ಮದು. ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟನ್ನು ನಿರಾತಂಕವಾಗಿ ಬಳಸಬಹುದು. ಆದರೆ ಅದಕ್ಕೆ ಹೊಂದುವ ಚಾರ್ಜರ್ ಬೇಕು, ಬ್ಯಾಟರಿ 0 ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಲೇಬಾರದು.

ಈಗ ಖರ್ಚು. 45 ವ್ಯಾಟಿನ ಕಂಪ್ರೆಸರ್ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೆ 540 ವ್ಯಾಟ್-ಅವರ್. ಎಲ್‌ಇಡಿ ದೀಪ, ನೀರಿನ ಪಂಪು, ಫೋನು, ಲ್ಯಾಪ್‌ಟಾಪ್ ಸೇರಿ ಇನ್ನೊಂದು 150–200. ಅಂದರೆ ದಿನಕ್ಕೆ 700 ಹತ್ತಿರ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಒಂದು ದಿನವೂ ಬಾಳದು. 200 ವ್ಯಾಟಿನ ಸೋಲಾರ್ ಪ್ಯಾನೆಲ್ ಚೆನ್ನಾಗಿ ಬಿಸಿಲಿರುವ ದಿನ 600–800 ವ್ಯಾಟ್-ಅವರ್ ಕೊಟ್ಟೀತು, ಮೋಡ ಕವಿದಾಗ ಅಥವಾ ಮರದ ನೆರಳಲ್ಲಿ ಅದರ ಚೂರುಪಾರು. ತಂಪಿಗೆಂದು ಮರದಡಿ ನಿಲ್ಲಿಸಬೇಕೋ ಕರೆಂಟಿಗೆಂದು ಬಿಸಿಲಲ್ಲೋ ಎಂದು ದಿನವೂ ಯೋಚಿಸಬೇಕಾಗುತ್ತದೆ.

ಇನ್ವರ್ಟರ್ ಮೂಲಕ 1500 ವ್ಯಾಟಿನ ಕೆಟಲ್ ಹಚ್ಚಿದರೆ 12 ವೋಲ್ಟ್‌ನ ತಂತಿಯಲ್ಲಿ 125 ಆಂಪಿಯರ್‌ಗೂ ಮೀರಿ ಹರಿಯುತ್ತದೆ. ತಂತಿ ಸಣ್ಣದಿದ್ದರೆ ಅದೇ ಬೆಂಕಿಗೆ ಮೂಲ. ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಇವೆರಡರಲ್ಲಿ ಜುಗ್ಗತನ ಬೇಡ. ಎ.ಸಿ. ಓಡಿಸುವುದಿದ್ದರೆ ಹೊರಗಿನ ಕರೆಂಟ್ ಸಿಗುವ ತಂಗುದಾಣ ಹುಡುಕುವುದೇ ಸರಿ.

ಗ್ಯಾಸ್, ಕುಡಿಯುವ ನೀರು, ಶೌಚ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ರಂಧ್ರ ಬಿಟ್ಟಿರುವುದು ಇದಕ್ಕೇ. ತಣ್ಣನೆ ಗಾಳಿ ಬರುತ್ತದೆಂದು ಅದಕ್ಕೆ ಬಟ್ಟೆ ತುರುಕಬೇಡಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ರಬ್ಬರ್ ಪೈಪಿನ ಮೇಲೆ ಅಚ್ಚಾದ ದಿನಾಂಕ ಮುಗಿದಿದ್ದರೆ ಬದಲಿಸಿ. ಎಲ್‌ಪಿಜಿಯಲ್ಲಿ ಇರುವುದು ಬ್ಯೂಟೇನ್, ಪ್ರೊಪೇನ್ ಎಂಬ ಅನಿಲಗಳು; ಚಳಿ ಪ್ರದೇಶಕ್ಕೆ ಹೋಗುವವರು ಪ್ರೊಪೇನ್ ಒಯ್ಯಬೇಕು. ಬ್ಯೂಟೇನ್ 0 ಡಿಗ್ರಿಯ ಆಸುಪಾಸಿನಲ್ಲೇ ಅನಿಲವಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರ ತನಕ ತಡೆಯುತ್ತದೆ. ಒಲೆ ಹಚ್ಚಿ ಚಳಿ ಕಾಯಿಸಿಕೊಳ್ಳುವುದು ಎಷ್ಟು ಮಾತ್ರಕ್ಕೂ ಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅದನ್ನು ಗುರುತಿಸುವ ಅಲಾರಂ, ಹೊಗೆಯ ಅಲಾರಂ, ನೆಲದ ಹತ್ತಿರ ಗ್ಯಾಸಿನ ಅಲಾರಂ, ಬಾಗಿಲ ಬಳಿ ಅಗ್ನಿಶಾಮಕ, ಇವಿಲ್ಲದೆ ಮೊದಲ ರಾತ್ರಿಯೂ ಕಳೆಯಬೇಡಿ.

ಬಹುಕಾಲ ನಿಂತ ಟ್ಯಾಂಕಿಗೆ ಪರಿಮಳವಿಲ್ಲದ ಮನೆಬಳಕೆಯ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ 1 ಮಿಲಿಲೀಟರ್ ಲೆಕ್ಕದಲ್ಲಿ ಬೆರೆಸಿ ತುಂಬಿ. ಪ್ರತಿ ನಲ್ಲಿಯಲ್ಲೂ ಅದರ ವಾಸನೆ ಬರುವ ತನಕ ಹರಿಸಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವ ತನಕ ಶುದ್ಧ ನೀರಿನಿಂದ ತೊಳೆಯಿರಿ. ಕುಡಿಯುವ ನೀರಿನ ಪೈಪ್ ಬೇರೆ, ಶೌಚದ ಟ್ಯಾಂಕ್ ತೊಳೆಯುವ ಪೈಪ್ ಬೇರೆ. ಎರಡನ್ನೂ ಒಂದೇ ಕಡೆ ಇಡಬೇಡಿ. ದೊಡ್ಡ ಶೌಚ ಟ್ಯಾಂಕಿನ ವಾಲ್ವನ್ನು ತೆರೆದೇ ಇಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಮಾತ್ರ ಉಳಿದು ಕಲ್ಲಾಗುತ್ತದೆ. ಮುಕ್ಕಾಲು ಪಾಲು ತುಂಬುವ ತನಕ ಮುಚ್ಚಿಟ್ಟು ಒಮ್ಮೆಲೆ ಖಾಲಿ ಮಾಡಿ. ಮೊದಲು ಶೌಚದ್ದು, ಆಮೇಲೆ ಪಾತ್ರೆ ತೊಳೆದ ನೀರು. ಆಗ ಪೈಪೂ ತೊಳೆದಂತಾಗುತ್ತದೆ. ಇದಕ್ಕೆಂದೇ ಇರುವ ಜಾಗ ಬಿಟ್ಟು ಬೇರೆಲ್ಲೂ ಸುರಿಯಬಾರದು.

ಹೊರಡುವಾಗ, ದಾರಿಯಲ್ಲಿ

ಗಾಡಿಯ ನಿಜವಾದ ಎತ್ತರವನ್ನು ಚಾವಣಿಯ ಮೇಲಿನ ಎ.ಸಿ., ಆಂಟೆನಾ ಸೇರಿಸಿ ಟೇಪಿನಲ್ಲಿ ಅಳೆದು, ದಪ್ಪ ಅಕ್ಷರದಲ್ಲಿ ಬರೆದು ಚಾಲಕರ ಕಣ್ಣೆದುರು ಅಂಟಿಸಿ. ತಗ್ಗಿನ ಸೇತುವೆ ಎದುರಾದಾಗ ನೆನಪು ಮಾಡಿಕೊಳ್ಳಲು ಸಮಯವಿರುವುದಿಲ್ಲ.

ಕೀಲಿ ತಿರುಗಿಸುವ ಮೊದಲು ಒಂದು ಸುತ್ತು ಬನ್ನಿ, ಪ್ರತಿ ಸಲ ಒಂದೇ ದಿಕ್ಕಿನಲ್ಲಿ: ಗ್ಯಾಸ್ ಬಂದ್, ಕರೆಂಟಿನ ತಂತಿ ಒಳಗೆ, ಮೆಟ್ಟಿಲು ಮಡಚಿದೆ, ಚಪ್ಪರ ಸುತ್ತಿದೆ, ಮೇಲಿನ ಕಿಂಡಿ ಮುಚ್ಚಿದೆ, ಗಾಲಿಯ ಅಡೆ ತೆಗೆದಿದೆ, ಫ್ರಿಜ್ ಬಾಗಿಲಿಗೆ ಚಿಲಕ ಬಿದ್ದಿದೆ. ಸುತ್ತಿನ ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಶುರು ಮಾಡಿ. ಓಡುವಾಗ ಎಲ್ಲರೂ ಬೆಲ್ಟ್ ಇರುವ ಸೀಟಿನಲ್ಲೇ ಕೂರಬೇಕು. ಹಿಂದೆ ಹಾಸಿಗೆಯಲ್ಲಿ ಮಲಗಿ ಬರುತ್ತೇನೆ ಅನ್ನುವುದು, ಚಹಾ ಮಾಡಲು ಏಳುವುದು, ಎರಡಕ್ಕೂ ಅವಕಾಶ ಕೊಡಬೇಡಿ.

ತಿರುವಿನಲ್ಲಿ ಬಾಲದ ಮೇಲೆ ಗಮನವಿರಲಿ. ನೀವು ಎಡಕ್ಕೆ ತಿರುಗಿದಾಗ ಹಿಂದಿನ ಗಾಲಿಯಾಚೆಗಿನ ಭಾಗ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಪಂಪಿನ ಕಂಬಕ್ಕೆ ಉಜ್ಜುವುದು ಹೀಗೆಯೇ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಒಬ್ಬರು ಇಳಿದು, ಕನ್ನಡಿಯಲ್ಲಿ ಕಾಣುವಂತೆ ನಿಲ್ಲಲಿ. ಅವರು ಕಾಣದಾದರೆ ಗಾಡಿ ನಿಲ್ಲಿಸಿ. ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಇಳಿಯಲು ಶುರುಮಾಡುವ ಮುನ್ನವೇ ಕೆಳಗಿನ ಗೇರಿಗೆ ಬನ್ನಿ.

ತಂಗುವ ಜಾಗಕ್ಕೆ ಬೆಳಕಿರುವಾಗಲೇ ತಲುಪಿ. ರಸಮಟ್ಟ ಇಟ್ಟು ನೋಡಿ, ತಗ್ಗಾದ ಗಾಲಿಯನ್ನು ರ‍್ಯಾಂಪಿನ ಮೇಲೆ ಹತ್ತಿಸಿ. ಗ್ಯಾಸಿನಲ್ಲಿ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ ಇದ್ದರೆ ಇದು ಬರೀ ನಿದ್ದೆಯ ಸುಖದ ಮಾತಲ್ಲ. ಅದರೊಳಗಿನ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಹರಿಯಬೇಕು, ಗಾಡಿ ವಾಲಿದರೆ ಹರಿವು ನಿಂತು ತಂಪಾಗುವುದೇ ನಿಲ್ಲುತ್ತದೆ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ನೀರನ್ನೆಲ್ಲ ಖಾಲಿ ಮಾಡಿ. ಬಾಯ್ಲರಿನದನ್ನೂ ಬಿಡಿ, ನಲ್ಲಿಗಳು ತೆರೆದೇ ಇರಲಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದು ಶೇ 9ರಷ್ಟು ಹಿಗ್ಗಿ ಪೈಪು ಒಡೆಯುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಸಂಪರ್ಕ ತಪ್ಪಿಸಿ. ಲೀಥಿಯಂ ಆದರೆ ಅರ್ಧದಷ್ಟು ಚಾರ್ಜ್ ಇದ್ದರೆ ಒಳ್ಳೆಯದು. ತಿಂಗಳಿಗೊಮ್ಮೆ ಅರ್ಧ ಗಂಟೆ ನಿಜವಾಗಿ ಓಡಿಸಿ. ನಿಂತಲ್ಲೇ ಎಂಜಿನ್ ಹಚ್ಚಿ ಐದು ನಿಮಿಷಕ್ಕೆ ಆರಿಸುವುದರಿಂದ ಎಂಜಿನ್ ಆಯಿಲಿಗೆ ತೇವ ಸೇರುತ್ತದೆಯೇ ಹೊರತು ಉಪಯೋಗವಿಲ್ಲ. ದಿಂಬು, ಮೆತ್ತೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಕಪಾಟುಗಳನ್ನು ತೆರೆದಿಡಿ. ಫ್ರಿಜ್ ಒರೆಸಿ, ಬಾಗಿಲಿಗೆ ಮಡಚಿದ ಟವೆಲ್ಲು ಸಿಕ್ಕಿಸಿ ತುಸು ತೆರೆದೇ ಬಿಡಿ.