ಗ್ಯಾರೇಜಿಗೆ ಹೋದರೆ ಸರಿಯಾಗಿಬಿಡುತ್ತಿದ್ದ ಕಾರು

ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ತುಮಕೂರಿನಲ್ಲಿ. ಕೊರಟಗೆರೆ ಮೇಲೆ ಹೋದರೆ ಒಂದು ಕಡೆಗೆ ನಲವತ್ತು ಚಿಲ್ಲರೆ ಕಿಲೋಮೀಟರ್. ನನ್ನದು 2011ರ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಐದು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ ಶುರುವಾಯಿತು. ಸಂಜೆ ಸ್ಕೂಲಿಂದ ಬರುವಾಗ ಕೊರಟಗೆರೆಯಲ್ಲಿ ತರಕಾರಿಗೆ ನಿಲ್ಲಿಸಿದ್ದೆ. ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತಿದೆ, ಇಂಜಿನ್ ಮಾತ್ರ ಹತ್ತಿಕೊಳ್ಳುತ್ತಿಲ್ಲ. ಅರ್ಧ ಗಂಟೆ ರಸ್ತೆ ಪಕ್ಕ ನಿಂತೆ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಸುಮ್ಮನೆ ಇನ್ನೊಂದು ಸಲ ನೋಡೋಣ ಅಂತ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಮಾರನೆಯ ದಿನ ಗ್ಯಾರೇಜಿಗೆ ಬಿಟ್ಟೆ. ಅವರು ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿದರು, ಹತ್ತು ಸಲವೂ ಆಯಿತು. ಬ್ಯಾಟರಿ ಹಳೆಯದು ಅಂತ ಬದಲಾಯಿಸಿದರು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಇನ್ನೊಂದು ಕಡೆ ಪ್ಲಗ್ ಹಾಕಿದರು, ಮತ್ತೊಂದು ಕಡೆ ಫ್ಯುಯೆಲ್ ಪಂಪಿನ ರಿಲೇ. ಒಬ್ಬರಂತೂ ‘ಮೇಡಂ, ನೀವು ಕ್ಲಚ್ ಸರಿಯಾಗಿ ಒತ್ತಿರಲ್ಲ’ ಅಂದರು. ಕ್ಲಚ್ಚಿನದೇ ತಪ್ಪಾಗಿದ್ದರೆ ಅರ್ಧ ಗಂಟೆ ಬಿಟ್ಟ ಮೇಲೆ ಅದು ಹೇಗೆ ಸರಿಹೋಗುತ್ತದೆ? ಆ ಮಾತಿಗೆ ನನಗೆ ನಿಜವಾಗಿಯೂ ನೋವಾಯಿತು.

ಮಾರ್ಚಿನಲ್ಲಿ ಅಮ್ಮನನ್ನು ಬೆಂಗಳೂರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಿ ವಾಪಸ್ ಬರುತ್ತಿದ್ದೆ. ದಾಬಸ್‌ಪೇಟೆ ದಾಟಿದ ಮೇಲೆ, ಓಡುತ್ತಿದ್ದ ಗಾಡಿಯೇ ಆಫ್ ಆಯಿತು. ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಇರುವುದಿಲ್ಲ, ಚಕ್ರ ತಿರುಗಿಸಲು ಎರಡೂ ಕೈಯ ಬಲ ಬೇಕು. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಒಂದೆರಡು ಸಲಕ್ಕೆ ಸಾಲುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಅದಕ್ಕೇ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬಾರದು, ಒಂದೇ ಸಲ ಒತ್ತಿ ಹಿಡಿಯಬೇಕು. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ನಾಲ್ಕೂ ಇಂಡಿಕೇಟರ್ ಹಾಕಿ ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು, ಮಾತಾಡಲಿಲ್ಲ. ಇದನ್ನು ಕಂಡುಹಿಡಿಯದೆ ಬಿಡುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಬಟವಾಡಿಯ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಅವರು ಗಾಡಿ ನೋಡುವ ಮೊದಲು ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ, ‘ನೋಡಮ್ಮಾ, ಕಾಣ್ದೇ ಇರೋ ಕಾಯಿಲೆಗೆ ಯಾವ ಮಾತ್ರೆ ಅಂತ ಕೊಡ್ಲಿ? ನನ್ ಕಣ್ಮುಂದೆ ಒಂದ್ಸಲ ನಿಲ್ಲಿಸಿ ತೋರ್ಸು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಅಂದರು. ಅಲ್ಲಿಯವರೆಗೂ ನಾನು ಎಲ್ಲರನ್ನೂ ‘ಸರಿ ಮಾಡಿಕೊಡಿ’ ಅಂತ ಕೇಳುತ್ತಿದ್ದೆನೇ ಹೊರತು, ಅದು ಯಾವಾಗ ಕೆಡುತ್ತದೆ ಅಂತ ಹೇಳುವ ಜವಾಬ್ದಾರಿ ನನ್ನದು ಅಂತ ಹೊಳೆದಿರಲಿಲ್ಲ. ಗಾಡಿಯ ಜೊತೆ ದಿನಾ ಎರಡು ಗಂಟೆ ಇರುವವಳು ನಾನು. ಅವರ ಹತ್ತಿರ ಅದು ಇರುವುದು ಅರ್ಧ ಗಂಟೆ, ಅದೂ ಆರಿ ತಣ್ಣಗಾದ ಮೇಲೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ. ಮಕ್ಕಳಿಗೆ ಪ್ರಯೋಗದ ಕೋಷ್ಟಕ ಹಾಕಿಸುವಂತೆಯೇ ಗೆರೆ ಎಳೆದೆ. ಹೊತ್ತು, ಎಷ್ಟು ದೂರ ಓಡಿತ್ತು, ನಿಲ್ಲಿಸಿ ಎಷ್ಟು ನಿಮಿಷವಾಯಿತು, ಬಿಸಿಲೋ ನೆರಳೋ, ಪೆಟ್ರೋಲ್ ಎಷ್ಟಿತ್ತು, ಎಸಿ ಹಾಕಿತ್ತಾ. ಸ್ಟಾರ್ಟ್ ಆಗದ ದಿನದಷ್ಟೇ ಆದ ದಿನವನ್ನೂ ಬರೆದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೆಟ್ಟದ್ದನ್ನು ಮಾತ್ರ ಬರೆದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಪೆಟ್ರೋಲ್ ಕಡಿಮೆಯಾದಾಗ ಹೀಗಾಗುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಟ್ಯಾಂಕ್ ಅರ್ಧ ಇದ್ದಾಗಲೂ ಎರಡು ಸಲ ನಿಂತಿದ್ದು ಪುಸ್ತಕದಲ್ಲೇ ಇತ್ತು.

ಐದು ವಾರಕ್ಕೆ ಮೂವತ್ತೊಂದು ಸಾಲು, ಅದರಲ್ಲಿ ಏಳು ಸಲ ಸ್ಟಾರ್ಟ್ ಆಗಿಲ್ಲ. ಆ ಏಳೂ ಸಲ ಹದಿನೈದು ಕಿಲೋಮೀಟರಿಗಿಂತ ಹೆಚ್ಚು ಓಡಿತ್ತು, ನಿಲ್ಲಿಸಿ ಎಂಟರಿಂದ ಇಪ್ಪತ್ತೈದು ನಿಮಿಷದ ಒಳಗಿತ್ತು. ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷಕ್ಕೆ ಆಫ್ ಮಾಡಿದಾಗ ಒಂದು ಸಲವೂ ತೊಂದರೆ ಇಲ್ಲ. ಸ್ಕೂಲಿನ ಮುಂದೆ ಇಡೀ ದಿನ ನಿಂತ ಮೇಲೂ ಇಲ್ಲ. ಇಂಜಿನ್ ಆಫ್ ಮಾಡಿದ ತಕ್ಷಣ ಕೂಲೆಂಟ್ ಓಡಾಟ ನಿಲ್ಲುತ್ತದೆ, ಎದುರು ಗಾಳಿಯೂ ಇಲ್ಲ. ಹಾಗಾಗಿ ಬಾನೆಟ್ಟಿನ ಒಳಗಿನ ಬಿಸಿ ಸ್ವಲ್ಪ ಹೊತ್ತು ಇಳಿಯುವ ಬದಲು ಏರುತ್ತದೆ. ಒಳಗೆ ಏನೋ ಒಂದು ಆ ಬಿಸಿಯನ್ನು ತಡೆಯುತ್ತಿಲ್ಲ. ದಾಬಸ್‌ಪೇಟೆಯ ದಿನ ನೆಲಮಂಗಲದ ಹತ್ತಿರ ಬಹಳ ಹೊತ್ತು ಜಾಮಿನಲ್ಲಿ ನಿಂತಿದ್ದೆವು ಅನ್ನುವುದೂ ಆಗ ನೆನಪಾಯಿತು.

ಆನ್‌ಲೈನಿನಲ್ಲಿ ಒಂದು ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗಿರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವುದು. ದೋಷ ಯಾವುದು ಅಂತ ಹೇಳುವ ಕೋಡ್ ಏನೂ ಬರಲಿಲ್ಲ, ಬೇಸರವಾಯಿತು. ಆದರೆ ಕೋಡ್ ಓದುವುದಷ್ಟೇ ಅಲ್ಲ, ಗಾಡಿ ಓಡುವಾಗಿನ ಅಂಕಿಗಳನ್ನೂ ಅದು ತೋರಿಸುತ್ತದೆ. ಮುಂದಿನ ಸಲ ಕೊರಟಗೆರೆಯಲ್ಲಿ ನಿಂತಾಗ ಗಾಬರಿಯಾಗದೆ ನೋಡಿದೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಪಂಪ್ ಎರಡು ಸೆಕೆಂಡ್ ಗುಂಯ್ ಅಂದಿತು, ಅಂದರೆ ಪಂಪಿಗೆ ಕರೆಂಟ್ ಬರುತ್ತಿದೆ. ಸೆಲ್ಫ್ ಹೊಡೆದೆ. ಸ್ಕ್ರೀನಿನಲ್ಲಿ ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅನ್ನುವ ಅಂಕಿ, 0. ಮೀಟರಿನ ಮುಳ್ಳು ಕೂಡ ಅಲುಗಲಿಲ್ಲ. ಮಾಮೂಲಿ ದಿನ ಸೆಲ್ಫ್ ಹೊಡೆಯುವಾಗಲೇ ಅಲ್ಲಿ 200–250 ಬರುತ್ತಿತ್ತು, ಮುಳ್ಳು ಚೂರು ಎದ್ದು ನಡುಗುತ್ತಿತ್ತು. ಇಂಜಿನ್ ತಿರುಗುತ್ತಿದೆ, ಆದರೆ ತಿರುಗುತ್ತಿದೆ ಅನ್ನುವ ಸುದ್ದಿ ಗಾಡಿಯೊಳಗಿನ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಆ ಸುದ್ದಿ ಬರದಿದ್ದರೆ ಅದು ಸ್ಪಾರ್ಕನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಸಿಂಪಡಿಸುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ.

ವಿಡಿಯೋ ನೋಡಿದ ಹಿರಿಯರು ಕೂಡಲೇ ‘ಕ್ರ್ಯಾಂಕ್ ಸೆನ್ಸರ್ ಇರ್ಬೋದಮ್ಮಾ, ಆದ್ರೂ ಕಣ್ಣಲ್ಲಿ ನೋಡೋಣ’ ಅಂದರು. ಇಂಜಿನ್ ತಿರುಗುವ ಸುದ್ದಿಯನ್ನು ಕಂಪ್ಯೂಟರಿಗೆ ಕೊಡುವುದು ಅದೇ. ಒಂದು ಶನಿವಾರ ಮಧುಗಿರಿಯಿಂದ ನೇರ ಅವರ ಶೆಡ್ಡಿಗೆ ಹೋಗಿ, ಬಾನೆಟ್ ತೆಗೆಯದೆ ಆಫ್ ಮಾಡಿ ಹನ್ನೆರಡು ನಿಮಿಷ ಕಾದೆವು. ಸ್ಟಾರ್ಟ್ ಆಯಿತು. ಹಿಂದಿನ ರಾತ್ರಿ ಮಳೆ ಬಂದು ತಂಪಾಗಿತ್ತು. ನನಗೆ ಅಳು ಬರುವಂತಾಯಿತು. ಅವರು ಮಾತ್ರ ‘ಇದನ್ನೂ ಬರ್ಕೋ’ ಅಂದರು. ಮುಂದಿನ ಶನಿವಾರ ಸುಡುಬಿಸಿಲು. ಹದಿಮೂರನೆಯ ನಿಮಿಷಕ್ಕೆ ಕೀ ತಿರುಗಿಸಿದೆ, ಹತ್ತಿಕೊಳ್ಳಲಿಲ್ಲ. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂತ ಅಷ್ಟು ಖುಷಿಪಟ್ಟಿದ್ದು ಅದೊಂದೇ ದಿನ.

ಅವರು ಗಾಡಿಯ ಕೆಳಗೆ ನುಗ್ಗಿ, ಇಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕಡೆ ಇದ್ದ ಸೆನ್ಸರಿಗೆ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದರು. ಐದು ನಿಮಿಷ ಕಳೆದು ‘ಹೊಡಿ’ ಅಂದರು. ಮೊದಲ ಸಲಕ್ಕೇ ಸ್ಟಾರ್ಟ್. ಆದರೂ ಅವರಿಗೆ ಸಮಾಧಾನವಿಲ್ಲ, ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೆಬ್ಬೆರಳಿನಷ್ಟು ದಪ್ಪ, ಎಣ್ಣೆ ಮೆತ್ತಿಕೊಂಡಿತ್ತು. ಅದಕ್ಕೆ ವೈರ್ ಸಿಕ್ಕಿಸುವ ಕಪ್ಲರಿನ ಲಾಕ್ ಮುರಿದಿತ್ತು. ಒಳಗೆ ತಾಮ್ರದ ತಂತಿ ಸುತ್ತಿದ, ಎರಡು ಪಿನ್ನಿನ ಕಾಯಿಲ್ ಥರದ್ದಾದ್ದರಿಂದ ಅದರ ರೋಧವನ್ನು ಮಲ್ಟಿಮೀಟರಿನಲ್ಲಿ ನೋಡಬಹುದಿತ್ತು. ಮನೆಗೆ ತಂದು ಅಳೆದಾಗ 870 ಓಮ್. ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತಾ ಹೋದೆ. ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು 0.4% ಏರುತ್ತದೆ, ಹಾಗೆಯೇ ಏರುತ್ತಾ 1,000 ದಾಟಿತು. ಇದ್ದಕ್ಕಿದ್ದಂತೆ ಅಂಕಿ ಮಾಯವಾಗಿ ‘ಓಎಲ್’ ಅಂತ ಬಂತು, ಅಂದರೆ ತಂತಿಯ ಸಂಪರ್ಕವೇ ಕಡಿದಿದೆ. ಒಳಗಿನ ಸಣ್ಣ ತಂತಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಫ್ಯಾನಿನ ಕೆಳಗಿಟ್ಟೆ, ಸ್ವಲ್ಪ ಹೊತ್ತಿಗೆ ಅಂಕಿ ವಾಪಸ್ ಬಂತು. ಅಮ್ಮನನ್ನು ಕರೆದು ಇನ್ನೊಂದು ಸಲ ಮಾಡಿ ತೋರಿಸಿದೆ.

ಹೊಸ ಸೆನ್ಸರಿಗೆ 1,400 ರೂಪಾಯಿ, ಕಪ್ಲರಿಗೆ 250. ಹಾಕಿದ ಮೇಲೂ ಪುಸ್ತಕ ಮುಚ್ಚಲಿಲ್ಲ. ಬೇಕೆಂದೇ ಕೊರಟಗೆರೆಯಲ್ಲಿ ದಿನಾ ನಿಲ್ಲಿಸಿ, ಹದಿಮೂರು ನಿಮಿಷ ಕಾದು, ಕೀ ತಿರುಗಿಸಿ ಹತ್ತು ಸಾಲು ಬರೆದೆ. ಹತ್ತೂ ಸಲ ಮುಳ್ಳು ನಡುಗಿತು, ಇಂಜಿನ್ ಹತ್ತಿಕೊಂಡಿತು. ಆಮೇಲೆಯೇ ಅಮ್ಮನನ್ನು ಕೂರಿಸಿಕೊಂಡು ಕ್ಯಾತ್ಸಂದ್ರದ ಟೋಲ್ ದಾಟಿ ಹೈವೇಗೆ ಹೋಗಿದ್ದು.